ಊರಿನವರಿಗೆಷ್ಟು, ಪರಊರಿನವರಿಗೆಷ್ಟು?

ಬೆಂಗಳೂರಿನ ಚಂದ್ರಾ ಲೇಔಟ್‌ನಿಂದ ಮೈಸೂರು ರಸ್ತೆಗಿಳಿದು ಸಿಟಿ ಕಡೆ ಹೊರಟರೆ, ಸಿರ್ಸಿ ಸರ್ಕಲ್ಲಿನ ಮೇಲ್ಸೇತುವೆ ಇಳಿಯುತ್ತಲೇ ಕೆ.ಆರ್. ಮಾರುಕಟ್ಟೆ ಸಿಗುತ್ತದೆ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಟಿಪ್ಪು ಸುಲ್ತಾನನ ಬೇಸಿಗೆ ಅರಮನೆ ಇದೆ. 1781ರಲ್ಲಿ ಹೈದರ್ ಅಲಿ ಕಟ್ಟಿಸಲು ಶುರು ಮಾಡಿದ್ದನ್ನು ಮಗ 1791ರಲ್ಲಿ ಮುಗಿಸಿದ. ತೇಗದ ಕಂಬಗಳು, ಕಮಾನುಗಳು, ದರ್ಬಾರು ನಡೆಸುತ್ತಿದ್ದ ಮೇಲಂತಸ್ತಿನ ಮೊಗಸಾಲೆ, ಕೆಳಗಡೆ ಪುಟ್ಟದೊಂದು ವಸ್ತುಸಂಗ್ರಹಾಲಯ. ಟಿಪ್ಪು ಮಡಿದ ಮೇಲೆ ಬ್ರಿಟಿಷರು ಈ ಕಟ್ಟಡವನ್ನೇ ಸಚಿವಾಲಯ ಮಾಡಿಕೊಂಡಿದ್ದರು. 1868ರಲ್ಲಿ ಅಠಾರಾ ಕಚೇರಿ ಸಿದ್ಧವಾದ ಮೇಲೆ ಕಚೇರಿಗಳು ಅಲ್ಲಿಗೆ ಹೋದವು.

ಒಳಗೆ ಹೋಗಬೇಕೆಂದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಟಿಕೆಟ್ ಬೇಕು. ನಗದು ಕೊಟ್ಟರೆ ಭಾರತೀಯರಿಗೆ 25 ರೂಪಾಯಿ, ವಿದೇಶಿಯರಿಗೆ 300. ಆನ್‌ಲೈನಿನಲ್ಲಿ ತೆಗೆದುಕೊಂಡರೆ 20 ಮತ್ತು 250. ಹದಿನೈದು ತುಂಬದ ಮಕ್ಕಳಿಗೆ ಯಾವ ದೇಶದವರಾದರೂ ಉಚಿತ. ಸಾರ್ಕ್ ಮತ್ತು ಬಿಮ್‌ಸ್ಟೆಕ್ ದೇಶಗಳಿಂದ ಬಂದವರು, ಅಂದರೆ ನೇಪಾಳ, ಶ್ರೀಲಂಕಾ, ಭೂತಾನ್, ಥಾಯ್ಲೆಂಡ್ ಮುಂತಾದ ಕಡೆಯವರು, ನಮ್ಮಷ್ಟೇ ಕೊಟ್ಟರೆ ಸಾಕು.

ಈ ಪಟ್ಟಿಯಲ್ಲಿ ಬೆಂಗಳೂರಿನವರು ಎಂಬ ಸಾಲೇ ಇಲ್ಲ. ಚಂದ್ರಾ ಲೇಔಟ್‌ನಿಂದ ಬಂದವರೂ ಚಂಡೀಗಢದಿಂದ ಬಂದವರೂ ಟಿಕೆಟ್ ಕಿಟಕಿಯ ಮುಂದೆ ಒಂದೇ. ಬ್ಯಾಂಕಾಕ್‌ನಿಂದ ಬಂದವರೂ ಅವರ ಜೊತೆಗೇ ನಿಲ್ಲುತ್ತಾರೆ. ವರ್ಷಕ್ಕೆ ಹತ್ತು ಸಲ ಬರಬಲ್ಲವರಿಗೂ ಜನ್ಮದಲ್ಲಿ ಒಮ್ಮೆ ಬರುವವರಿಗೂ ಒಂದೇ ಲೆಕ್ಕ.

ಪ್ರಪಂಚದ ಹಲವು ನಗರಗಳು ಈಗ ಬೇರೊಂದು ಗೆರೆ ಎಳೆಯುತ್ತಿವೆ. ಪಾಸ್‌ಪೋರ್ಟ್ ಯಾವುದು ಎಂದು ಕೇಳುವ ಬದಲು ಮನೆ ಎಲ್ಲಿದೆ ಎಂದು ಕೇಳುವ ಗೆರೆ. ಈ ಊರಿನ ತೆರಿಗೆ ಕಟ್ಟುವವರಿಗೆ, ಇದರ ಟ್ರಾಫಿಕ್ಕು ದೂಳುಗಳ ನಡುವೆ ಬಾಳುವವರಿಗೆ, ಊರಿನ ಮ್ಯೂಸಿಯಂ ಕಡಿಮೆ ದರಕ್ಕೆ ಅಥವಾ ಪುಕ್ಕಟೆಯಾಗಿ ಸಿಗಬೇಕೇ? ಹಾಗೆ ಮಾಡಿದರೆ ಪರಊರಿನವರಿಗೆ ಅನ್ಯಾಯವಾಗುತ್ತದೆಯೇ? ಪ್ರಶ್ನೆ ಸಣ್ಣದೆಂದು ಕಂಡರೂ ಅದರೊಳಗೆ ತೆರಿಗೆ, ಸಂವಿಧಾನ, ವಲಸೆ ಎಲ್ಲವೂ ಸೇರಿಕೊಂಡಿವೆ.

ಮೊದಲು ನಮ್ಮಲ್ಲಿರುವ ಎರಡು ದರದ ಪದ್ಧತಿಯನ್ನು ನೋಡೋಣ. ಇಪ್ಪತ್ತೈದು ವರ್ಷದ ಹಿಂದೆ ಪುರಾತತ್ವ ಇಲಾಖೆ ವಿದೇಶಿಯರ ದರವನ್ನು ಡಾಲರ್ ಲೆಕ್ಕದಲ್ಲಿ ಹೇಳತೊಡಗಿತು. ಬಹುಕಾಲ ವಿಶ್ವ ಪರಂಪರೆಯ ತಾಣಗಳಿಗೆ ಭಾರತೀಯರಿಗೆ 10 ರೂಪಾಯಿ, ವಿದೇಶಿಯರಿಗೆ 250 ರೂಪಾಯಿ ಇತ್ತು. 2016ರ ಏಪ್ರಿಲ್‌ನಲ್ಲಿ ಅದು 30 ಮತ್ತು 500 ಆಯಿತು. 2018ರ ಆಗಸ್ಟ್‌ನಲ್ಲಿ 40 ಮತ್ತು 600. ಹಂಪಿಯ ವಿಜಯ ವಿಠ್ಠಲ ಗುಡಿ, ಕಮಲ ಮಹಲು, ಪಟ್ಟದಕಲ್ಲು ಈ ವರ್ಗಕ್ಕೆ ಬರುತ್ತವೆ. ವಿಜಯಪುರದ ಗೋಳಗುಮ್ಮಟ, ಬಾದಾಮಿಯ ಗುಹೆಗಳು, ಶ್ರೀರಂಗಪಟ್ಟಣದ ದರಿಯಾ ದೌಲತ್ ಎರಡನೇ ವರ್ಗ: 25 ಮತ್ತು 300. ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಕಾಸರಗೋಡಿನ ಬೇಕಲ ಕೋಟೆಗೂ ಅದೇ ದರ. ಕೋಟೆಯ ಬುಡದಲ್ಲೇ ಹುಟ್ಟಿ ಬೆಳೆದ ಕನ್ನಡಿಗರೂ ದೆಹಲಿಯ ಪ್ರವಾಸಿಗಳೂ ಅಲ್ಲಿ ಕೊಡುವುದು ಅದೇ 25 ರೂಪಾಯಿ. ಹಂಪಿ ಪಕ್ಕದ ಕಮಲಾಪುರದ ಯುವಕನೊಬ್ಬ ನೆಂಟರನ್ನು ಕರೆದುಕೊಂಡು ಕಲ್ಲಿನ ರಥ ತೋರಿಸಲು ಹೋದಾಗಲೂ ಅಷ್ಟೇ: ನೆಂಟರಿಗೆ ನಲವತ್ತು, ಅವನಿಗೂ ನಲವತ್ತು.

ಸಂಗ್ರಹಾಲಯಗಳಲ್ಲಿ ಈ ಅಂತರ ಇನ್ನೂ ದೊಡ್ಡದು. ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್ನಿನಲ್ಲಿ 2009ರಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿ ಭಾರತೀಯರಿಗೆ 20 ರೂಪಾಯಿ, ವಿದೇಶಿಯರಿಗೆ 500. ಅಂದರೆ ಇಪ್ಪತ್ತೈದು ಪಟ್ಟು. ದೆಹಲಿಯ ರಾಷ್ಟ್ರೀಯ ಸಂಗ್ರಹಾಲಯದಲ್ಲಿ 20 ಮತ್ತು 650. ಮೈಸೂರು ಅರಮನೆಯಲ್ಲಿ 2024ರ ಅಕ್ಟೋಬರ್ ತನಕ ವಯಸ್ಕರೆಲ್ಲರಿಗೂ 100 ರೂಪಾಯಿ ಇತ್ತು. ಆಮೇಲೆ ಭಾರತೀಯ ವಯಸ್ಕರಿಗೆ 120, ವಿದೇಶಿಯರಿಗೆ ಒಮ್ಮೆಲೇ 1,000 ಆಯಿತು.

ಇದಕ್ಕೆ ಇಲಾಖೆಗಳು ಕೊಡುವ ಸಮರ್ಥನೆಯಲ್ಲಿ ಹುರುಳಿಲ್ಲದೇ ಇಲ್ಲ. ದೇಶದ ಜನರ ತೆರಿಗೆಯಿಂದ ಈ ಸ್ಮಾರಕಗಳ ಕಾವಲು, ದುರಸ್ತಿ ನಡೆಯುತ್ತದೆ. ಹೊರದೇಶದವರು ಆ ತೆರಿಗೆ ಕಟ್ಟಿರುವುದಿಲ್ಲ. ವಿಮಾನಕ್ಕೆ ಸಾವಿರಾರು ಡಾಲರ್ ಸುರಿದು ಬಂದವರಿಗೆ 600 ರೂಪಾಯಿ ಹೊರೆಯೇನಲ್ಲ. ಕೂಲಿ ಮಾಡಿ ಬದುಕುವವರೂ ಮಕ್ಕಳ ಕೈ ಹಿಡಿದು ಒಳಗೆ ಹೋಗಬೇಕಾದರೆ ನಮ್ಮವರ ದರ ಕಡಿಮೆಯೇ ಇರಬೇಕು. ಇಷ್ಟೂ ಸರಿ. ಆದರೆ ಬೆಂಗಳೂರಿನಲ್ಲೇ ಮೂರ್ನಾಲ್ಕು ವರ್ಷದಿಂದ ಓದುತ್ತಾ, ಬಾಡಿಗೆ ಕಟ್ಟುತ್ತಾ, ಅಂಗಡಿಯಲ್ಲಿ ಕೊಳ್ಳುವ ಪ್ರತಿ ವಸ್ತುವಿಗೂ ಜಿಎಸ್‌ಟಿ ತೆರುತ್ತಾ ಇರುವ ಆಫ್ರಿಕಾದ ವಿದ್ಯಾರ್ಥಿಗೆ ಈ ತರ್ಕ ಹೊಂದುವುದಿಲ್ಲ. ಅವನು ಈ ಊರಿನ ನಿವಾಸಿ, ಆದರೆ ಕಿಟಕಿಯ ಲೆಕ್ಕದಲ್ಲಿ ವಿದೇಶಿ.

ಇದರ ತಿರುಗಾಮುರುಗಾ ಕಥೆಯೂ ಇದೆ. ಪಶ್ಚಿಮ ಬೆಂಗಳೂರಿನಲ್ಲಿ ಮಗನೋ ಮಗಳೋ ಅಮೆರಿಕದಲ್ಲಿರುವ ಮನೆಗಳಿಗೆ ಲೆಕ್ಕವಿಲ್ಲ. ವಿಜಯನಗರ, ಬಸವೇಶ್ವರನಗರ, ಚಂದ್ರಾ ಲೇಔಟ್‌ಗಳ ಅಜ್ಜ ಅಜ್ಜಿಯರು ರಜೆಗೆ ಬಂದ ಮೊಮ್ಮಕ್ಕಳನ್ನು ಮೈಸೂರು, ಹಂಪಿ ಎಂದು ಸುತ್ತಾಡಿಸುತ್ತಾರೆ. ಅಲ್ಲಿಯೇ ಹುಟ್ಟಿ ಆ ದೇಶದ ಪಾಸ್‌ಪೋರ್ಟ್ ಹೊಂದಿರುವ ಹದಿನಾರರ ಮೊಮ್ಮಗ ಹಂಪಿಯಲ್ಲಿ ಯಾವ ದರ ಕೊಡಬೇಕು? ಓಸಿಐ (ಸಾಗರೋತ್ತರ ಭಾರತೀಯ ಪೌರ) ಕಾರ್ಡ್ ಇದ್ದರೆ ಭಾರತೀಯರ ದರವೇ ಸಾಕು. ರಾಷ್ಟ್ರೀಯ ಸ್ಮಾರಕ, ಐತಿಹಾಸಿಕ ತಾಣ ಮತ್ತು ಸಂಗ್ರಹಾಲಯಗಳ ಪ್ರವೇಶ ಶುಲ್ಕದಲ್ಲಿ ಓಸಿಐ ಕಾರ್ಡುದಾರರನ್ನು ಭಾರತೀಯರಂತೆಯೇ ಕಾಣಬೇಕೆಂದು ಕೇಂದ್ರ ಗೃಹ ಸಚಿವಾಲಯದ 2021ರ ಮಾರ್ಚ್ 4ರ ಅಧಿಸೂಚನೆ ಹೇಳುತ್ತದೆ. ಕಾರ್ಡನ್ನು ಮನೆಯ ಬೀರುವಿನಲ್ಲಿಟ್ಟು ಹೋದವರು 600 ರೂಪಾಯಿಯ ಟಿಕೆಟ್ ಕೊಳ್ಳುವುದುಂಟು. ಪ್ರವಾಸ ಹೊರಡುವವರು ಇದೊಂದನ್ನು ಬ್ಯಾಗಿಗೆ ಹಾಕಿಕೊಳ್ಳಲು ಮರೆಯಬಾರದು.

ಈ ದುಡ್ಡು ಹೋಗುವುದಾದರೂ ಎಲ್ಲಿಗೆ? ಪುರಾತತ್ವ ಇಲಾಖೆಯ ಟಿಕೆಟ್ ಹಣ ಭಾರತದ ಸಂಚಿತ ನಿಧಿಗೆ ಜಮೆಯಾಗುತ್ತದೆ. ಟಿಪ್ಪು ಅರಮನೆಯಲ್ಲಿ ಕೊಟ್ಟ ಇಪ್ಪತ್ತೈದು ರೂಪಾಯಿ ಆ ಅರಮನೆಯ ತೇಗದ ಕಂಬಗಳಿಗೇ ವಾಪಸಾಗಬೇಕೆಂದೇನೂ ಇಲ್ಲ. ತಾಜ್ ಮಹಲ್ ಇದಕ್ಕೆ ಸ್ವಲ್ಪ ಹೊರತು. ಅಲ್ಲಿ ವಿದೇಶಿಯರು ಕೊಡುವ 1,100 ರೂಪಾಯಿಯಲ್ಲಿ 600 ಪುರಾತತ್ವ ಇಲಾಖೆಗೆ, 500 ಆಗ್ರಾ ಅಭಿವೃದ್ಧಿ ಪ್ರಾಧಿಕಾರಕ್ಕೆ. ಭಾರತೀಯರ 50 ರೂಪಾಯಿಯಲ್ಲಿಯೂ ಪ್ರಾಧಿಕಾರಕ್ಕೆ 10 ಸಲ್ಲುತ್ತದೆ. ಪ್ರವಾಸಿಗರ ದಟ್ಟಣೆಯನ್ನು ಹೊರುವ ಊರಿಗೆ ಒಂದು ಪಾಲು ಇರಬೇಕೆಂಬ ವಿಚಾರ ಆಗ್ರಾದಲ್ಲಾದರೂ ಒಪ್ಪಿಗೆಯಾಗಿದೆ ಎಂದಾಯಿತು. ಹಂಪಿಗಾಗಲಿ ಪಟ್ಟದಕಲ್ಲಿಗಾಗಲಿ ಟಿಕೆಟ್‌ನಲ್ಲಿ ಅಂಥ ಪಾಲು ಸಿಗದಿರುವುದು ಸರಿಯಲ್ಲ.

ನಿವಾಸಿಗಳಿಗೆ ಬೇರೆ ದರ ಎಂಬುದು ನಮಗೆ ಹೊಸದೇನೂ ಅಲ್ಲ. ಮ್ಯೂಸಿಯಂ ಬಾಗಿಲಿಗೆ ಅದು ಬಂದಿಲ್ಲ, ಅಷ್ಟೇ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯನ್ನೇ ತೆಗೆದುಕೊಳ್ಳಿ. ಬಿಎಂಟಿಸಿಯ ಸಾಮಾನ್ಯ ಬಸ್ಸು ಹತ್ತಿದ ಮಹಿಳೆ ಆಧಾರ್ ತೋರಿಸುತ್ತಾಳೆ. ಅದರಲ್ಲಿ ಕರ್ನಾಟಕದ ವಿಳಾಸವಿದ್ದರೆ ಕಂಡಕ್ಟರ್ ಶೂನ್ಯ ದರದ ಟಿಕೆಟ್ ಹರಿದುಕೊಡುತ್ತಾರೆ. ಪಕ್ಕದಲ್ಲಿ ಕೂತವಳ ಆಧಾರ್‌ನಲ್ಲಿ ಹೊಸೂರಿನ ವಿಳಾಸವಿದ್ದರೆ ಅವಳು ದುಡ್ಡು ಕೊಡಬೇಕು. ಕಾರ್ಡು ತೋರಿಸುವುದು, ನೋಡುವುದು, ಟಿಕೆಟ್ ಕೊಡುವುದು ಎಲ್ಲವೂ ಓಡುವ ಬಸ್ಸಿನಲ್ಲಿ, ನೂಕುನುಗ್ಗಲಿನ ನಡುವೆ, ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ನಿವಾಸ ಪರಿಶೀಲನೆ ಕಷ್ಟದ ಕೆಲಸ, ಕೌಂಟರಿನಲ್ಲಿ ಸಾಲು ಬೆಳೆಯುತ್ತದೆ ಎಂದು ಯಾರಾದರೂ ವಾದಿಸಿದರೆ ಅವರು ಒಮ್ಮೆ ಸಂಜೆ ಆರು ಗಂಟೆಗೆ ಮಾರುಕಟ್ಟೆಯಿಂದ ನಾಗರಭಾವಿ ಕಡೆಯ ಬಸ್ಸು ಹತ್ತಿ ನೋಡಬೇಕು.

ಟೋಲ್ ಗೇಟಿನಲ್ಲೂ ಹೀಗೆಯೇ. ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮಗಳು, 2008ರ ಪ್ರಕಾರ ಟೋಲ್ ಪ್ಲಾಜಾದಿಂದ 20 ಕಿಲೋಮೀಟರ್ ಒಳಗೆ ಮನೆ ಇರುವವರು, ವಾಹನ ವಾಣಿಜ್ಯ ಬಳಕೆಯದಲ್ಲದಿದ್ದರೆ, ಮಾಸಿಕ ಪಾಸ್ ಪಡೆಯಬಹುದು. 2007-08ರ ಲೆಕ್ಕಕ್ಕೆ 150 ರೂಪಾಯಿ ಎಂದು ನಿಗದಿಯಾದದ್ದು ವರ್ಷವರ್ಷವೂ ಪರಿಷ್ಕರಣೆಯಾಗಿ ಈಗ 300 ರೂಪಾಯಿ ದಾಟಿದೆ. ದಿನವೂ ಓಡಾಡುವವರಿಗೂ ವರ್ಷಕ್ಕೊಮ್ಮೆ ಹಾದುಹೋಗುವವರಿಗೂ ಒಂದೇ ದರ ಹಾಕುವುದು ನ್ಯಾಯವಲ್ಲ ಎಂಬುದೇ ಈ ನಿಯಮದ ತಳಹದಿ.

ಲಾಲ್‌ಬಾಗ್‌ನದು ಇನ್ನೂ ಸೊಗಸಾದ ಏರ್ಪಾಡು. 1760ರಲ್ಲಿ ಹೈದರ್ ಅಲಿ ಆರಂಭಿಸಿದ ಈ ಸಸ್ಯೋದ್ಯಾನಕ್ಕೆ ಹಗಲು ಟಿಕೆಟ್ ಇದೆ. ಬೆಳಗ್ಗೆ 9ರ ತನಕ ಮತ್ತು ಸಂಜೆ 6ರ ನಂತರ ಇಲ್ಲ. ಬೆಳ್ಳಂಬೆಳಗ್ಗೆ ವಾಕಿಂಗ್‌ಗೆ ಬರುವವರು ಯಾರು? ಬಸವನಗುಡಿ, ಜಯನಗರ, ವಿಲ್ಸನ್ ಗಾರ್ಡನ್‌ನವರೇ. ಹತ್ತು ಗಂಟೆಗೆ ಟೂರಿಸ್ಟ್ ಬಸ್ಸಿನಿಂದ ಇಳಿಯುವವರು ಪರಊರಿನವರು. ಯಾರ ಆಧಾರನ್ನೂ ಕೇಳದೆ, ಯಾರನ್ನೂ ಹೊರಗಿನವರು ಎಂದು ಕರೆಯದೆ, ಗಡಿಯಾರವೊಂದರಿಂದಲೇ ಊರಿನವರಿಗೆ ರಿಯಾಯಿತಿ ಸಿಕ್ಕಿದೆ. ಬೇಗ ಏಳುವ ಪ್ರವಾಸಿಗೂ ಅದು ಸಿಗುತ್ತದೆ ಎಂಬುದು ಈ ಪದ್ಧತಿಯ ಇನ್ನೊಂದು ಚೆಲುವು.

ಹಾಗಾದರೆ ಕಾನೂನು ಏನು ಹೇಳುತ್ತದೆ? ಸಂವಿಧಾನದ 15ನೇ ವಿಧಿ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವುಗಳ ಆಧಾರದ ಮೇಲೆ ಪ್ರಜೆಗಳ ನಡುವೆ ಸರ್ಕಾರ ಭೇದ ಮಾಡುವುದನ್ನು ನಿಷೇಧಿಸುತ್ತದೆ. ವಾಸಸ್ಥಳ ಈ ಪಟ್ಟಿಯಲ್ಲಿಲ್ಲ. ಅದು ಪರೀಕ್ಷೆಗೊಳಗಾದದ್ದು 1955ರಲ್ಲಿ, ಡಿ.ಪಿ. ಜೋಶಿ ವಿರುದ್ಧ ಮಧ್ಯಭಾರತ ರಾಜ್ಯ ಪ್ರಕರಣದಲ್ಲಿ. ಇಂದೋರಿನ ಮಹಾತ್ಮ ಗಾಂಧಿ ಸ್ಮಾರಕ ವೈದ್ಯಕೀಯ ಕಾಲೇಜು ಮಧ್ಯಭಾರತದ ನಿವಾಸಿಗಳನ್ನು ಬಿಟ್ಟು ಉಳಿದ ವಿದ್ಯಾರ್ಥಿಗಳಿಂದ ಕ್ಯಾಪಿಟೇಷನ್ ಶುಲ್ಕ ವಸೂಲು ಮಾಡುತ್ತಿತ್ತು. ದೆಹಲಿಯ ನಿವಾಸಿಯಾಗಿದ್ದ ವಿದ್ಯಾರ್ಥಿ ಅದನ್ನು ಪ್ರಶ್ನಿಸಿದರು. ಹುಟ್ಟಿದ ಸ್ಥಳ ಬೇರೆ, ನೆಲೆಸಿರುವ ಸ್ಥಳ ಬೇರೆ. ತನ್ನ ಬೊಕ್ಕಸದಿಂದ ಕಾಲೇಜು ನಡೆಸುವ ರಾಜ್ಯ ತನ್ನ ನಿವಾಸಿಗಳಿಗೆ ಅನುಕೂಲ ಮಾಡಿಕೊಟ್ಟರೆ ತಪ್ಪಿಲ್ಲ ಎಂದು ಸುಪ್ರೀಂ ಕೋರ್ಟ್ ಬಹುಮತದಿಂದ ತೀರ್ಪಿತ್ತಿತು. ನ್ಯಾಯಮೂರ್ತಿ ಜಗನ್ನಾಥದಾಸ್ ಒಬ್ಬರು ಭಿನ್ನಮತ ಬರೆದರು.

ಎಪ್ಪತ್ತು ವರ್ಷದ ಆ ತೀರ್ಪನ್ನು ಹಿಡಿದು ನಿವಾಸಿಗಳಿಗೆ ಏನು ಬೇಕಾದರೂ ಮೀಸಲಿಡಬಹುದು ಎಂದುಕೊಳ್ಳುವಂತಿಲ್ಲ. ಚಂದ್ರಾ ಲೇಔಟ್‌ಗೆ ಅಂಟಿಕೊಂಡಂತಿರುವ ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ, ಕರ್ನಾಟಕದಲ್ಲಿ ಹತ್ತು ವರ್ಷ ಓದಿದವರಿಗೆ ಶೇ 25 ಸೀಟು ಮೀಸಲಿಡುವ 2020ರ ತಿದ್ದುಪಡಿ ಕಾನೂನನ್ನು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ರದ್ದು ಮಾಡಿತು. ಆದರೆ ಸೀಟಿಗೂ ಟಿಕೆಟ್‌ಗೂ ವ್ಯತ್ಯಾಸವಿದೆ. ಸೀಟು ಒಬ್ಬರಿಗೆ ಸಿಕ್ಕರೆ ಇನ್ನೊಬ್ಬರಿಗೆ ತಪ್ಪುತ್ತದೆ. ಮ್ಯೂಸಿಯಂನಲ್ಲಿ ಹಾಗಲ್ಲ, ವಿಜಯನಗರದ ಹುಡುಗಿ ಹತ್ತು ರೂಪಾಯಿ ಕಡಿಮೆ ಕೊಟ್ಟು ಒಳಗೆ ಹೋದ ಮಾತ್ರಕ್ಕೆ ಭೋಪಾಲಿನ ಹುಡುಗನ ಜಾಗವೇನೂ ಕಡಿಮೆಯಾಗುವುದಿಲ್ಲ.

ಯುರೋಪಿನಲ್ಲಿ ಇದೇ ಜಗಳ ಕೋರ್ಟಿನವರೆಗೆ ಹೋದಾಗ ಬಂದ ಉತ್ತರ ಬೇರೆ. ವೆನಿಸ್‌ನ ಡೋಜ್ ಅರಮನೆಯೂ ಸೇರಿದಂತೆ ಇಟಲಿಯ ಸ್ಥಳೀಯ ಸಂಸ್ಥೆಗಳ ಕೆಲವು ಸಂಗ್ರಹಾಲಯಗಳಲ್ಲಿ ಇಟಲಿಯ ಪ್ರಜೆಗಳಾದ ಅಥವಾ ಆಯಾ ಊರಿನ ನಿವಾಸಿಗಳಾದ ಹಿರಿಯರಿಗೆ ಮಾತ್ರ ರಿಯಾಯಿತಿ ಇತ್ತು. ಬೇರೆ ಐರೋಪ್ಯ ದೇಶದ ಹಿರಿಯರು ಪೂರಾ ದುಡ್ಡು ಕೊಡಬೇಕಿತ್ತು. ನಮ್ಮವರು ತೆರಿಗೆ ಕಟ್ಟುತ್ತಾರಲ್ಲ ಎಂದು ಇಟಲಿ ವಾದಿಸಿತು. 2003ರ ಜನವರಿ 16ರಂದು ಯುರೋಪಿನ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಕಟ್ಟಿದ ತೆರಿಗೆಗೂ ಟಿಕೆಟ್ ರಿಯಾಯಿತಿಗೂ ನೇರ ಸಂಬಂಧವಿದೆಯೆಂದು ತೋರಿಸಲಾಗಿಲ್ಲ ಎಂದಿತು. ಸ್ಪೇನ್ ಕೂಡ ಇಂಥದೇ ಕಾರಣಕ್ಕೆ 1994ರಲ್ಲಿ ಸೋತಿತ್ತು. ತೆರಿಗೆಯ ಮಾತು ಕೇಳಲು ಎಷ್ಟೇ ಗಟ್ಟಿಯಾಗಿದ್ದರೂ ಅದೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಅದಕ್ಕೂ ಹಿಂದೆ, 1960ರ ಡಿಸೆಂಬರ್‌ನಲ್ಲಿಯೇ, ಯುನೆಸ್ಕೊ ಮಹಾಸಭೆ ಸಂಗ್ರಹಾಲಯಗಳನ್ನು ಎಲ್ಲರಿಗೂ ಮುಟ್ಟಿಸುವ ಬಗ್ಗೆ ಶಿಫಾರಸು ಮಾಡಿತ್ತು. ಸಾಧ್ಯವಾದಲ್ಲೆಲ್ಲ ಪ್ರವೇಶ ಉಚಿತವಿರಲಿ, ಶುಲ್ಕವಿದ್ದರೆ ವಾರದಲ್ಲಿ ಒಂದು ದಿನವಾದರೂ ಬಿಟ್ಟಿ ಬಿಡಿ ಎಂಬುದು ಅದರ ಸಾರ. ನಮ್ಮ ಇಪ್ಪತ್ತೈದು ಪಟ್ಟಿನ ದರ ಈ ಸಲಹೆಯಿಂದ ಬಹಳ ದೂರ ಸಾಗಿಬಿಟ್ಟಿದೆ.

ನಿವಾಸಿ ದರದ ಪ್ರಯೋಗಗಳಲ್ಲಿ ಹೆಚ್ಚು ಚರ್ಚೆಯಾದದ್ದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದ್ದು. ದಶಕಗಳ ಕಾಲ ಅಲ್ಲಿ ಒಂದು ದರ ಸೂಚಿಸಲಾಗುತ್ತಿತ್ತು, ಆದರೆ ಯಾರು ಎಷ್ಟು ಕೊಟ್ಟರೂ ಒಳಗೆ ಬಿಡುತ್ತಿದ್ದರು. ಸೂಚಿಸಿದಷ್ಟು ಪೂರಾ ಕೊಡುವವರ ಪ್ರಮಾಣ ಹದಿಮೂರು ವರ್ಷಗಳಲ್ಲಿ ಶೇ 63ರಿಂದ ಶೇ 17ಕ್ಕೆ ಕುಸಿಯಿತು. 2018ರ ಮಾರ್ಚ್ 1ರಿಂದ ಹೊರರಾಜ್ಯದ ವಯಸ್ಕರಿಗೆ 25 ಡಾಲರ್ ಕಡ್ಡಾಯವಾಯಿತು, 2022ರಲ್ಲಿ ಅದು 30 ಆಯಿತು. ನ್ಯೂಯಾರ್ಕ್ ರಾಜ್ಯದ ನಿವಾಸಿಗಳು ಮಾತ್ರ ಈಗಲೂ ಇಷ್ಟಬಂದಷ್ಟು ಕೊಡಬಹುದು. ಪಕ್ಕದ ನ್ಯೂಜೆರ್ಸಿ, ಕನೆಕ್ಟಿಕಟ್‌ನ ವಿದ್ಯಾರ್ಥಿಗಳಿಗೂ ಆ ಸವಲತ್ತು ಉಂಟು. ಕಟ್ಟಡ ನಗರಪಾಲಿಕೆಯದು, ವರ್ಷವರ್ಷ ಅದರಿಂದ ಅನುದಾನವೂ ಬರುತ್ತದೆ. ಹಾಗಾಗಿ ಊರಿನವರನ್ನು ಟಿಕೆಟ್ಟಿನ ಹೊರಗಿಡಬೇಕೆಂಬ ಒತ್ತಾಯ ಇತ್ತು.

ಹೊಸ ನಿಯಮ ಬಂದಾಗ ದೊಡ್ಡ ಭಯವೊಂದು ಕೇಳಿಬಂತು. ಗುರುತಿನ ಚೀಟಿ ಕೇಳಿದರೆ ದಾಖಲೆಗಳಿಲ್ಲದ ವಲಸಿಗರು ಬಾಗಿಲಿಗೇ ಬರುವುದಿಲ್ಲ ಎಂಬುದು. ಆಡಳಿತ ಕಂಡುಕೊಂಡ ಉಪಾಯ ಮೃದುವಾದದ್ದು: ಚೀಟಿ ತಂದಿಲ್ಲದ ನಿವಾಸಿಯನ್ನು ವಾಪಸು ಕಳಿಸುವುದಿಲ್ಲ, ಮುಂದಿನ ಸಲ ತನ್ನಿ ಎಂದು ಹೇಳಿ ಒಳಗೆ ಬಿಡುತ್ತಾರೆ. ನಿಯಮಕ್ಕಿಂತ ಆ ಕೌಂಟರಿನ ನಡವಳಿಕೆಯನ್ನು ನಾವು ಕಲಿಯಬೇಕು.

ಜಪಾನಿನ ಹಿಮೆಜಿಯಲ್ಲಿ ನಡೆದದ್ದು ಇನ್ನೂ ಕುತೂಹಲಕರ. ಬಿಳಿ ಕೊಕ್ಕರೆ ಎಂದು ಹೆಸರಾದ ಅಲ್ಲಿನ ಕೋಟೆ 1993ರಿಂದ ವಿಶ್ವ ಪರಂಪರೆಯ ತಾಣ. ವಿದೇಶಿಯರಿಗೆ ಹೆಚ್ಚು ದರ ಹಾಕೋಣ ಎಂದು 2024ರಲ್ಲಿ ಮೇಯರ್ ಮಾತೆತ್ತಿದಾಗ ವಿರೋಧ ಬಂತು. ಕೊನೆಗೆ ಒಪ್ಪಿಗೆಯಾದದ್ದು ಬೇರೆಯೇ ಗೆರೆ. 2026ರ ಮಾರ್ಚ್ 1ರಿಂದ ಹಿಮೆಜಿ ನಗರದ ನಿವಾಸಿಗಳಿಗೆ ಹಿಂದಿನಂತೆ 1,000 ಯೆನ್, ಉಳಿದೆಲ್ಲರಿಗೂ 2,500 ಯೆನ್, ಅವರು ಟೋಕಿಯೊದವರಾಗಲಿ ಟೊರಾಂಟೊದವರಾಗಲಿ. ಪೌರತ್ವದ ಪ್ರಶ್ನೆಯಿಂದ ಹೊರಟವರು ನಿವಾಸದ ಪ್ರಶ್ನೆಗೆ ಬಂದು ನಿಂತರು. ಹಿಮೆಜಿಯಲ್ಲಿ ಬಾಡಿಗೆ ಮನೆ ಹಿಡಿದಿರುವ ವಿದೇಶಿ ಕಾರ್ಮಿಕನೂ ಅಲ್ಲಿ ಊರಿನವನೇ. ಇದು ನಮ್ಮ ಪದ್ಧತಿಗಿಂತ ಮನುಷ್ಯತ್ವಕ್ಕೆ ಹತ್ತಿರವಾದದ್ದು. ಅದೇ ಹೊತ್ತಿಗೆ ಪ್ಯಾರಿಸ್‌ನ ಲೂವ್ರ್ ವಿರುದ್ಧ ದಿಕ್ಕಿಗೆ ಹೊರಟಿದೆ. 2026ರ ಜನವರಿ 14ರಿಂದ ಐರೋಪ್ಯ ಆರ್ಥಿಕ ವಲಯದ ಆಚೆಯಿಂದ ಬಂದವರು 22 ಯೂರೊ ಬದಲು 32 ಕೊಡಬೇಕು. ಬೆಂಗಳೂರಿನಿಂದ ಹೋದವರಿಗೆ ಮೊನಾಲಿಸಾ ದುಬಾರಿಯಾಗಿದ್ದಾಳೆ.

ರೋಮ್‌ನ ಪಂಥಿಯನ್‌ಗೆ 2023ರ ಜುಲೈಯಿಂದ 5 ಯೂರೊ ಶುಲ್ಕ, ರೋಮ್ ನಿವಾಸಿಗಳಿಗೆ ಇಲ್ಲ. ನಗರದ ಸಂಗ್ರಹಾಲಯಗಳಿಗೆ ನಿವಾಸಿಗಳು 2018ರಿಂದ ವರ್ಷಕ್ಕೆ 5 ಯೂರೊ ಕೊಟ್ಟು ಕಾರ್ಡ್ ಮಾಡಿಸಿಕೊಳ್ಳುವ ವ್ಯವಸ್ಥೆ ಬಂತು. ಇಂಗ್ಲೆಂಡಿನ ಬ್ರೈಟನ್ ಸಂಗ್ರಹಾಲಯ 2015ರಿಂದ ಪರಊರಿನವರಿಗೆ ಟಿಕೆಟ್ ಹಾಕಿ ಊರಿನವರಿಗೆ ಉಚಿತವನ್ನು ಉಳಿಸಿಕೊಂಡಿತು. ಇಂಗ್ಲೆಂಡಿನ ರಾಷ್ಟ್ರೀಯ ಸಂಗ್ರಹಾಲಯಗಳಂತೂ 2001ರ ಡಿಸೆಂಬರ್‌ನಿಂದ ಎಲ್ಲರಿಗೂ ಉಚಿತ. ಅಲ್ಲಿಯವರೆಗೆ ಟಿಕೆಟ್ ಇದ್ದ ಸಂಗ್ರಹಾಲಯಗಳಲ್ಲಿ ಹತ್ತು ವರ್ಷಗಳಲ್ಲಿ ಭೇಟಿಗಳ ಸಂಖ್ಯೆ ಎರಡೂವರೆ ಪಟ್ಟಾಯಿತು.

ಈಗ ಮತ್ತೆ ನಮ್ಮ ಬಡಾವಣೆಯ ಲೆಕ್ಕಕ್ಕೆ ಬರೋಣ. ಚಂದ್ರಾ ಲೇಔಟ್‌ನ ಒಂದು ಕುಟುಂಬ, ಗಂಡ ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಭಾನುವಾರ ಆಧುನಿಕ ಕಲಾ ಗ್ಯಾಲರಿಗೆ ಹೊರಟಿತು ಎನ್ನಿ. ದೊಡ್ಡವರಿಬ್ಬರ ಟಿಕೆಟ್ 40 ರೂಪಾಯಿ, ಹದಿನೆಂಟರ ಒಳಗಿನ ಮಕ್ಕಳಿಗೆ ಉಚಿತ. ಅತ್ತಿಗುಪ್ಪೆಯಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿ ಹೋಗಿ ಬರಲು ಅದರ ಹಲವು ಪಟ್ಟು ಖರ್ಚು. ಇದರ ಮೇಲೆ ಹೋಟೆಲ್ಲಿನ ತಿಂಡಿ, ಮಕ್ಕಳಿಗೆ ಐಸ್‌ಕ್ರೀಂ. ಭಾರತೀಯರಿಗೆ ಟಿಕೆಟ್ ಇಷ್ಟು ಅಗ್ಗವಿರುವಾಗ ನಿವಾಸಿಗಳಿಗೆ ಮತ್ತೆ ರಿಯಾಯಿತಿ ಏಕೆ ಎಂದು ಕೇಳುವವರಿದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ: ಜನರನ್ನು ತಡೆಯುತ್ತಿರುವುದು ಇಪ್ಪತ್ತು ರೂಪಾಯಿಯಲ್ಲ.

ಉಳಿದರ್ಧ ಬೇರೆ ಕಡೆ ಇದೆ. ಟಿಕೆಟ್ ಎಷ್ಟೇ ಅಗ್ಗವಾಗಿರಲಿ, ಕೊಟ್ಟ ಮೇಲೆ ಪೂರಾ ನೋಡಿಬಿಡಬೇಕು ಎಂಬ ಹಟ ಹುಟ್ಟುತ್ತದೆ. ಎಲ್ಲ ಕೋಣೆಗಳನ್ನೂ ಎರಡು ಗಂಟೆಯಲ್ಲಿ ಸುತ್ತಿ, ಕಾಲು ನೋಯಿಸಿಕೊಂಡು, ನೋಡಿಯಾಯಿತು ಎಂದು ಹೊರಬರುವವರು ಮತ್ತೆ ಬರುವುದಿಲ್ಲ. ಪ್ರವಾಸಿಗೆ ಅದು ಅನಿವಾರ್ಯ, ಅವನ ರೈಲು ರಾತ್ರಿಗೆ ಹೊರಡುತ್ತದೆ. ಊರಿನವರಿಗೆ ಹಾಗಾಗಬೇಕಿಲ್ಲ.

ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಉದಾಹರಣೆಗೆ ನೋಡಬಹುದು. 1865ರಲ್ಲಿ ಎಡ್ವರ್ಡ್ ಬಾಲ್ಫರ್ ಎಂಬ ವೈದ್ಯಾಧಿಕಾರಿ ಕಟ್ಟಿ ನಿಲ್ಲಿಸಿದ ಸಂಸ್ಥೆ ಅದು. ಈಗಿನ ಕೆಂಪು ಕಟ್ಟಡ 1877ರದು. ಅದರ ಸಂಗ್ರಹದಲ್ಲಿ ಮಂಡ್ಯ ಜಿಲ್ಲೆಯ ಆತಕೂರಿನಿಂದ ತಂದ ವೀರಗಲ್ಲೊಂದಿದೆ, ಹತ್ತನೇ ಶತಮಾನದ ನಡುವಿನದು. ರಾಷ್ಟ್ರಕೂಟರ ಮೂರನೇ ಕೃಷ್ಣನೂ ಗಂಗರ ಬೂತುಗನೂ ಚೋಳರನ್ನು ತಕ್ಕೋಲದಲ್ಲಿ ಸೋಲಿಸಿದ ಸುದ್ದಿ ಅದರಲ್ಲಿದೆ. ಆದರೆ ಕಲ್ಲಿನ ನಡುವೆ ಕೆತ್ತಿರುವುದು ರಾಜರನ್ನಲ್ಲ, ಕಾದಾಡುತ್ತಿರುವ ಒಂದು ನಾಯಿ ಮತ್ತು ಒಂದು ಹಂದಿಯನ್ನು. ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರ ಎಂಬ ವೀರ ಒಡೆಯನ ಮುಂದೆ ಕೇಳಿಕೊಂಡದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಕಾಡುಹಂದಿಯೊಂದರ ಮೇಲೆ ಬಿದ್ದು ಅದನ್ನೂ ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಮಣಲೇರ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಡಿಸಿದ. ನಾಯಿ, ಹಂದಿಗಳ ಸುತ್ತ ಹಬ್ಬಿದ ಹಳಗನ್ನಡದ ಅಕ್ಷರಗಳನ್ನು ಒಂದೊಂದಾಗಿ ಗುರುತಿಸುತ್ತಾ ನಿಲ್ಲಲು ಹುಡುಗನೊಬ್ಬನಿಗೆ ಅರ್ಧ ಗಂಟೆ ಬೇಕು. ಆ ದಿನಕ್ಕೆ ಅದೊಂದೇ ಕಲ್ಲು ಸಾಕು. ಇನ್ನೊಂದು ಶನಿವಾರ ಇನ್ನೊಂದು ಕಲ್ಲು. ಹೀಗೆ ನೋಡುವ ಅವಕಾಶ ಇರುವುದು ಊರಿನಲ್ಲೇ ಇರುವವರಿಗೆ ಮಾತ್ರ. ಅವರಿಗೆ ಬೇಕಾದದ್ದು ಐದು ರೂಪಾಯಿ ಕಡಿತವಲ್ಲ, ವರ್ಷವಿಡೀ ನಡೆಯುವ ಒಂದು ಪಾಸು.

ಪುರಾತತ್ವ ಇಲಾಖೆ ಈಗ ಕೊಡುವ ಉಚಿತ ದಿನಗಳು ಇದಕ್ಕೆ ಸಾಲವು. ಏಪ್ರಿಲ್ 18ರ ವಿಶ್ವ ಪರಂಪರೆ ದಿನ, ಮಹಿಳಾ ದಿನದಂದು ಹೆಣ್ಣುಮಕ್ಕಳಿಗೆ ಬಿಟ್ಟಿ ಪ್ರವೇಶ, ಹೀಗೆ ಬೆರಳೆಣಿಕೆಯ ದಿನಗಳು. ಅಂದು ಎಲ್ಲರೂ ಒಮ್ಮೆಲೇ ಬಂದು ಕಲ್ಲೂ ಕಾಣುವುದಿಲ್ಲ, ಚಿತ್ರವೂ ಕಾಣುವುದಿಲ್ಲ.

ಕಸ್ತೂರಬಾ ರಸ್ತೆಯ ಸಂಗ್ರಹಾಲಯವನ್ನೂ ಅದರ ಪಕ್ಕದ ವೆಂಕಟಪ್ಪ ಗ್ಯಾಲರಿಯನ್ನೂ ನಡೆಸುವುದು ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ. ದೆಹಲಿಯ ಅಪ್ಪಣೆಗೆ ಕಾಯದೆ ಅದು ಇಂಥ ಪಾಸನ್ನು ನಾಳೆಯೇ ಶುರು ಮಾಡಬಹುದು. ಮೈಸೂರು, ಹಂಪಿಗಳಿಂದ ಬರುವವರ ದರ ಈಗಿರುವಂತೆಯೇ ಇರಲಿ; ಯಾರ ಮೇಲೂ ಹೆಚ್ಚಿನ ಹೊರೆ ಹಾಕಬೇಕಾಗಿಲ್ಲ. ಶಾಲೆಗಳ ಮೂಲಕ ಮಕ್ಕಳ ಕೈಗೆ ಪಾಸ್ ಹೋದರೆ ಅಪ್ಪ ಅಮ್ಮಂದಿರು ಹಿಂದೆಯೇ ಬರುತ್ತಾರೆ. ತಾಯಂದಿರ ಬಸ್ ಚಾರ್ಜು ಹೇಗೂ ಶೂನ್ಯ.

ಆಗ ಎದುರಾಗುವ ನಿಜವಾದ ತೊಡಕು ದಾಖಲೆಯದು. ಚಂದ್ರಾ ಲೇಔಟ್, ಮೂಡಲಪಾಳ್ಯ, ನಾಗರಭಾವಿಗಳ ಬಾಡಿಗೆ ಮನೆಗಳಲ್ಲಿ ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರಿದ್ದಾರೆ, ಬಿಹಾರ ಒಡಿಶಾದಿಂದ ಬಂದವರಿದ್ದಾರೆ, ಓದಲು ಬಂದು ಪಿಜಿಗಳಲ್ಲಿ ಇರುವವರಿದ್ದಾರೆ. ಬಹಳ ಜನರ ಆಧಾರ್‌ನಲ್ಲಿ ಇನ್ನೂ ಹುಟ್ಟೂರಿನ ವಿಳಾಸವೇ ಇದೆ. ಆಧಾರ್ ಒಂದನ್ನೇ ಕೇಳಿದರೆ ಈ ನಗರವನ್ನು ಕಟ್ಟುತ್ತಿರುವ ಕೈಗಳೇ ಪಾಸಿನಿಂದ ಹೊರಗುಳಿಯುತ್ತವೆ. ಬಾಡಿಗೆ ಕರಾರು, ಬೆಸ್ಕಾಂ ಬಿಲ್ಲು, ಕಾಲೇಜಿನ ಗುರುತಿನ ಚೀಟಿ, ಕಾರ್ಮಿಕ ಕಾರ್ಡು, ಮಗುವಿನ ಶಾಲೆಯ ಪತ್ರ ಇವುಗಳಲ್ಲಿ ಯಾವುದೊಂದಿದ್ದರೂ ಪಾಸ್ ಕೊಡಬೇಕು. ಏನೂ ಇಲ್ಲದವರಿಗೆ ಆ ದಿನ ಒಳಗೆ ಬಿಟ್ಟು, ಮುಂದಿನ ಸಲ ಏನಾದರೊಂದು ತನ್ನಿ ಎಂದು ಹೇಳುವಷ್ಟು ಅಧಿಕಾರವನ್ನು ಕೌಂಟರಿನಲ್ಲಿ ಕೂತ ಸಿಬ್ಬಂದಿಗೆ ಇಲಾಖೆ ಬರಹದಲ್ಲೇ ಕೊಟ್ಟಿರಬೇಕು.